‘ಹೆಂಡತಿಯೂ ಹಾಡುತ್ತಾರೆ’ ಎಂಬ ಮಾತಿಗೆ

ನಿನ್ನೆ ರಾತ್ರಿ ಮನೆಗೆ ಬಂದಿದ್ದ ಗೆಳೆಯರೊಬ್ಬರಿಗೆ ‘ಲೋ’ ಬ್ಯಾಂಡಿನ ‘ಹೇ ವಾಟ್’ ಆಲ್ಬಮ್ ಕೇಳಿಸಿದೆ. ಎರಡು ಹಾಡು ಮುಗಿಯುವ ಹೊತ್ತಿಗೆ ಅವರು, ‘ಗಿಟಾರ್ ನುಡಿಸುವವರು ತುಂಬಾ ಚೆನ್ನಾಗಿ ಹಾಡಿದ್ದಾರೆ, ಹೆಂಡತಿಯೂ ಹಾಡುತ್ತಾರಲ್ಲ’ ಎಂದರು. ಹೊಗಳಿಕೆಯೆಂದೇ ಆಡಿದ ಮಾತು ಅದು. ಆದರೂ ಆ ‘ಹೆಂಡತಿಯೂ’ ಎಂಬುದರ ಕೊನೆಯ ‘ಊ’ ನನ್ನನ್ನು ರಾತ್ರಿಯಿಡೀ ಕಾಡಿತು.

ಈ ದಂಪತಿಯ ಬಗ್ಗೆ ನಾನು ಎಷ್ಟು ಬಾರಿ ಬರೆದಿದ್ದೇನೆಂಬುದು ನಿಮಗೆ ಗೊತ್ತು. ಗಿಟಾರ್ ನುಡಿಸುವ ಅಲನ್ ಸ್ಪಾರ್‌ಹಾಕ್ ಮತ್ತು ಡ್ರಮ್ ನುಡಿಸುತ್ತಿದ್ದ ಅವರ ಹೆಂಡತಿ ಮಿಮಿ ಪಾರ್ಕರ್ 1993ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್‌ನಲ್ಲಿ ಕಟ್ಟಿದ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವರು ಬದಲಾಗುತ್ತಲೇ ಇದ್ದರು. 2021ರಲ್ಲಿ ಹೊರಬಂದ ಈ ಹದಿಮೂರನೆಯ ಆಲ್ಬಮ್‌ನ ಹೊತ್ತಿಗೆ ಉಳಿದವರು ಇವರಿಬ್ಬರೇ. ನಿರ್ಮಾಪಕ ಬಿ.ಜೆ. ಬರ್ಟನ್ ಜೊತೆ ಸೇರಿ ಗಿಟಾರಿನ ನಾದವನ್ನು ಗಿಟಾರೆಂದೇ ತಿಳಿಯದಷ್ಟು ಒಡೆದಿದ್ದಾರೆ, ಡ್ರಮ್ ಬಹುಪಾಲು ಇಲ್ಲವೇ ಇಲ್ಲ. ಹಾಗಿದ್ದರೂ ಹಾಡು ಕುಸಿಯದಂತೆ ಹಿಡಿದಿರುವುದು ಎರಡು ಕಂಠಗಳು. ‘ಡೇಸ್ ಲೈಕ್ ದೀಸ್’ ಹಾಡಿನ ಮೊದಲಲ್ಲಿ ಆ ಎರಡು ಕಂಠಗಳು ಹೆಚ್ಚುಕಡಿಮೆ ಬರಿದಾಗಿ ಕೇಳುತ್ತವೆ, ಆಮೇಲೆ ಇದ್ದಕ್ಕಿದ್ದಂತೆ ಕರ್ಕಶವಾದ ಸದ್ದು ಮೇಲೆರಗುತ್ತದೆ, ಆದರೆ ಕಂಠಗಳು ಕದಲುವುದಿಲ್ಲ. ನಮ್ಮಲ್ಲಿ ಇಬ್ಬರು ಜೊತೆಗೆ ಹಾಡಿದರೆ ಸಾಮಾನ್ಯವಾಗಿ ಒಂದೇ ಸ್ವರವನ್ನು ಹಿಡಿಯುತ್ತಾರೆ, ಇಲ್ಲವೇ ಸರದಿಯಂತೆ ಹಾಡುತ್ತಾರೆ. ಇವರು ಬೇರೆ ಬೇರೆ ಸ್ವರಗಳಲ್ಲಿ ಒಂದೇ ಉಸಿರಿಗೆ ಹಾಡುತ್ತಾರೆ. ಅದರಲ್ಲಿ ಯಾವುದು ಮುಖ್ಯ, ಯಾವುದು ಜೊತೆಯದು? ಒಂದನ್ನು ತೆಗೆದರೆ ಇನ್ನೊಂದು ಅರ್ಧ ಹಾಡು, ಅಷ್ಟೇ.

ವೇದಿಕೆಯಲ್ಲಿ ಗಿಟಾರ್ ಹಿಡಿದು ಹೆಚ್ಚು ಮಾತಾಡುತ್ತಿದ್ದವರು ಅಲನ್, ಆದ್ದರಿಂದ ಕೇಳುಗರ ಗಮನ ಅವರ ಕಡೆ ಹೋಗುವುದು ಸಹಜ ಎಂದು ಗೆಳೆಯರು ವಾದಿಸಿದರು. ಇರಬಹುದು, ಆದರೆ ಅದು ಕಣ್ಣಿನ ಅಭ್ಯಾಸವೇ ಹೊರತು ಕಿವಿಯ ತೀರ್ಪಲ್ಲ. ಒಂದೆರಡು ಡ್ರಮ್ ಮತ್ತು ಒಂದು ಸಿಂಬಲ್ (ಬಡಿದು ನುಡಿಸುವ ಲೋಹದ ತಟ್ಟೆ) ಇಟ್ಟುಕೊಂಡು, ನಿಂತುಕೊಂಡೇ ನುಡಿಸುತ್ತಿದ್ದ ಮಿಮಿಯವರ ಕೈಯಿಂದಲೇ ಆ ಬ್ಯಾಂಡಿಗೆ ತನ್ನ ನಿಧಾನದ ನಡೆ ಬಂದಿತು.

ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. 2018ರಲ್ಲಿ ಇವರ ಹಿಂದಿನ ಆಲ್ಬಮ್ ‘ಡಬಲ್ ನೆಗೆಟಿವ್’ ಬಂದಾಗ ಇದೇ ಗೋಡೆಯ ಮೇಲೆ ‘ಹೆಂಡತಿಯ ಹಿನ್ನೆಲೆ ಗಾಯನವೂ ಸೊಗಸಾಗಿದೆ’ ಎಂದು ಬರೆದವನು ನಾನೇ. ನೀವು ಯಾರೂ ಆಕ್ಷೇಪಿಸಲಿಲ್ಲ, ನನಗೂ ಏನೂ ಅನ್ನಿಸಲಿಲ್ಲ. ಅಂಡಾಶಯದ ಕ್ಯಾನ್ಸರ್‌ನಿಂದ ಮಿಮಿ ತಮ್ಮ 55ನೆಯ ವಯಸ್ಸಿನಲ್ಲಿ, 2022ರ ನವೆಂಬರ್ 5ರಂದು ತೀರಿಕೊಂಡ ಮೇಲೆಯೇ ಆ ವಾಕ್ಯ ನನ್ನನ್ನು ಚುಚ್ಚತೊಡಗಿತು. ಬ್ಯಾಂಡ್ ಅಲ್ಲಿಗೇ ನಿಂತಿತು. ‘ಊ’ ಹಚ್ಚಿ ಹೇಳುವಂಥ ಒಂದು ಕಂಠ ಮಾತ್ರ ಹೋಗಿದ್ದರೆ ಅದು ನಿಲ್ಲಬೇಕಾಗಿರಲಿಲ್ಲ.

ಅಲನ್ 2024ರಲ್ಲಿ ತಮ್ಮ ಹೆಸರಿನಲ್ಲೇ ಒಂದು ಆಲ್ಬಮ್ ತಂದರು. ಅದರಲ್ಲಿ ಅವರು ತಮ್ಮ ಕಂಠವನ್ನು ಯಂತ್ರದ ಮೂಲಕ ಹಾಯಿಸಿ ಗುರುತೇ ಸಿಗದಂತೆ ಮಾಡಿಕೊಂಡಿದ್ದಾರೆ. ಗೆಳೆಯರು ಮುಂದಿನ ವಾರ ಬಂದಾಗ ಅದನ್ನು ಕೇಳಿಸುತ್ತೇನೆ.