ಕರೆಂಟು ಬಂದರೆ ಆದಾಯ ದುಪ್ಪಟ್ಟು ಎಂಬ ಮಾತಿನ ಕುರಿತು ಸ್ಪಷ್ಟನೆ

‘ಬಡ ಹಳ್ಳಿಗೆ ವಿದ್ಯುತ್ ಬಂದ ಎರಡೇ ವರ್ಷದಲ್ಲಿ ಮನೆಯ ಆದಾಯ ದುಪ್ಪಟ್ಟಾಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಎಲ್ಲ ಊರಿಗೂ ಅನ್ವಯಿಸುವ ನಿಯಮವಾಗಿ ಇದು ತಪ್ಪು.

ಪಶ್ಚಿಮ ಕೀನ್ಯಾದ 150 ಗ್ರಾಮೀಣ ಸಮುದಾಯಗಳಲ್ಲಿ ಅರ್ಥಶಾಸ್ತ್ರಜ್ಞರು ಪ್ರಯೋಗ ನಡೆಸಿದರು. ಚೀಟಿ ಎತ್ತಿದಂತೆ ಕೆಲವು ಸಮುದಾಯಗಳನ್ನು ಆರಿಸಿ ಅಲ್ಲಿನ ಮನೆಗಳಿಗೆ ರಿಯಾಯಿತಿ ದರದಲ್ಲಿ ಸಂಪರ್ಕ ನೀಡಿದರು. ಎರಡೂವರೆ ವರ್ಷ ಕಳೆದರೂ ಆ ಕುಟುಂಬಗಳ ಆರ್ಥಿಕ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಬಲ್ಬು ಉರಿಯಿತು, ಮೊಬೈಲ್ ಚಾರ್ಜ್ ಆಯಿತು; ಗಿರಣಿಯನ್ನೋ ಹೊಲಿಗೆ ಯಂತ್ರವನ್ನೋ ಕೊಳ್ಳುವ ಹಣ ಎಲ್ಲಿಂದ ಬರಬೇಕು?

ಹಾಗೆಂದು ವಿದ್ಯುತ್ತಿನಿಂದ ಲಾಭವೇ ಇಲ್ಲ ಎನ್ನುವುದೂ ಸುಳ್ಳು. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಸಂಪರ್ಕ ಬಂದ ಊರುಗಳಲ್ಲಿ ದುಡಿಮೆಗೆ ಹೋಗುವ ಹೆಂಗಸರ ಪ್ರಮಾಣ ಸುಮಾರು 9 ಶೇಕಡಾ ಅಂಶ, ಅಂದರೆ ನೂರು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿಯಷ್ಟು, ಏರಿತು. ಸೌದೆ ತರಲು, ಒಲೆ ಊದಲು ಹೋಗುತ್ತಿದ್ದ ಹೊತ್ತು ಅವರ ಕೈಗೆ ಮರಳಿತ್ತು. ಈ ಹೊತ್ತಿನ ಬೆಲೆಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಭಾರತದಲ್ಲಿ 2005ರಲ್ಲಿ ಆರಂಭವಾದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆಯ ಅಧ್ಯಯನದಲ್ಲಿ, ಸುಮಾರು 300 ಜನರ ಸಣ್ಣ ಊರುಗಳಿಗೆ ಆರ್ಥಿಕ ಲಾಭ ತೀರಾ ಕಡಿಮೆ ಎಂದು ಕಂಡುಬಂತು. ದೊಡ್ಡ ಊರುಗಳಿಗೆ ಹೆಚ್ಚು. ಇನ್ನೊಂದು ಮಾತು: ನಮ್ಮ ಸರ್ಕಾರಿ ವ್ಯಾಖ್ಯೆಯಂತೆ ಶೇ 10ರಷ್ಟು ಮನೆಗಳಿಗೆ ಮತ್ತು ಶಾಲೆ, ಪಂಚಾಯಿತಿಯಂಥ ಸಾರ್ವಜನಿಕ ಸ್ಥಳಗಳಿಗೆ ಸಂಪರ್ಕ ಸಿಕ್ಕಿದರೆ ಊರೇ ‘ವಿದ್ಯುದೀಕೃತ’. ಉಳಿದ ಮನೆಗಳು ಕತ್ತಲಲ್ಲೇ ಇದ್ದಿರಬಹುದು. ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.