ರೂಪಾಯಿಗೆ ಆರು ಪೈಸೆ ಸರಸ್ವತಿ

ತಾಲ್ಲೂಕು ಗ್ರಂಥಾಲಯ ಸೋರುತ್ತಿದೆ ಅಂತ ಈ ಮಳೆಗಾಲವೂ ಪೇಪರಿನಲ್ಲಿ ಫೋಟೊ ಬಂದಿದೆ. ಹೋದ ವರ್ಷದ್ದೇ ಫೋಟೊ ಇದ್ದೀತು, ಬಕೆಟ್ ಮಾತ್ರ ಹೊಸದು. ಕಟ್ಟಡದಲ್ಲಿ ಇನ್ನೂ ಗಟ್ಟಿಯಾಗಿರುವುದು ಉದ್ಘಾಟನೆಯ ಕಲ್ಲು. ಅಪ್ಪಟ ಗ್ರಾನೈಟ್, ಹೆಸರುಗಳಿಗೆ ಒಂದು ಹನಿಯೂ ತಾಗಿಲ್ಲ.

ಸಣ್ಣ ಊರಿನ ಗ್ರಂಥಾಲಯದ ಚರಿತ್ರೆ ಬಹುಪಾಲು ಒಂದೇ. ಮೊದಲು ಪುರಸಭೆಯ ಹಳೇ ಕೋಣೆ, ಆಮೇಲೆ ಬಾಡಿಗೆ ಮನೆ, ಕೊನೆಗೆ ಬಸ್ ಸ್ಟ್ಯಾಂಡ್ ಪಕ್ಕದ ಕಾಂಪ್ಲೆಕ್ಸಿನ ಮಹಡಿ. ಕೆಳಗೆ ಬೇಕರಿ, ಬಾಡಿಗೆ ಬರುತ್ತೆ. ಮೇಲೆ ಸರಸ್ವತಿ, ಅವಳಿಂದೇನು ಬರುತ್ತೆ? ಮಹಡಿಯಲ್ಲಿ ಪುಸ್ತಕ ಇಡುವುದೆಂದರೆ ಮಂಚ ಹಾಕಿದಂತಲ್ಲ ಸ್ವಾಮಿ. ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೊ ಭಾರ ಲೆಕ್ಕ ಹಿಡಿದರೆ ಸಾಕು. ಪುಸ್ತಕದ ರ‍್ಯಾಕ್ ತುಂಬಿದ ಕೋಣೆಗೆ 600 ಬೇಕು, ಅದೂ 2.2 ಮೀಟರ್ ಎತ್ತರದ ತನಕ. ಕಟ್ಟಡ ಎಷ್ಟು ಭಾರ ತಾಳಬೇಕೆಂದು ಹೇಳುವ ಭಾರತೀಯ ಮಾನಕ, ಐಎಸ್ 875ರ ಎರಡನೇ ಭಾಗದಲ್ಲಿ ಇದೆ. ಆ ಪುಸ್ತಕ ಗ್ರಂಥಾಲಯದಲ್ಲಿ ಸಿಗದಿದ್ದರೆ ಪಾಪ ಎಂಜಿನಿಯರ್ ಏನು ಮಾಡ್ಯಾರು! ನೆಲ ಕುಸಿದೀತೆಂದು ರ‍್ಯಾಕುಗಳನ್ನೆಲ್ಲ ಗೋಡೆಗೆ ಆನಿಸುತ್ತಾರೆ. ಕಿಟಕಿ ಮುಚ್ಚುತ್ತದೆ, ಗೋಡೆಯ ತೇವ ಬೆನ್ನಿಗೇರುತ್ತದೆ, ಗೆದ್ದಲು ಸದಸ್ಯತ್ವ ಪಡೆಯುತ್ತದೆ. ಠೇವಣಿ ಕೇಳುವವರಿಲ್ಲ.

ಸೋರುವುದೂ ನೋಡಿಯೇ ಸೋರುತ್ತದೆ. ತಾರಸಿಗೆ ನೀರಿನ ಪೈಪಿನ ಕಡೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು ಬೇಕು. ಇಲ್ಲಿ ನಡುವೆ ತಟ್ಟೆಯ ಹಾಗೆ ತಗ್ಗಿದೆ, ತಗ್ಗಿನ ಕೆಳಗೆ 894.814. ಪುಸ್ತಕಗಳನ್ನು ವಿಷಯವಾರು ನಂಬರು ಹಾಕಿ ಜೋಡಿಸುವ ಡ್ಯೂಯಿ ಮಹಾಶಯರ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರು ಅದು. ನೆನೆದ ಪುಸ್ತಕಕ್ಕೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಹಾಳೆಗಳ ನಡುವೆ ಒತ್ತುಕಾಗದ ಇಟ್ಟು ಫ್ಯಾನಿನ ಗಾಳಿಗೆ ಆರಿಸಬೇಕು. ನಮ್ಮಲ್ಲಿ ಹಪ್ಪಳದಂತೆ ಬಿಸಿಲಿಗೆ ಹರವುತ್ತಾರೆ. ರಟ್ಟು ಸೆಟೆಯುತ್ತದೆ, ಗೋಂದು ಬಿಡುತ್ತದೆ. ಆದರೂ ರಿಜಿಸ್ಟರಿನಲ್ಲಿ ಆ ಪುಸ್ತಕ ಜೀವಂತ. ರದ್ದು ಮಾಡಲು ಸಮಿತಿ ಕೂಡಬೇಕು.

ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ನೂರು ರೂಪಾಯಿ ತೆರಿಗೆಯ ಮೇಲೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3. ಕೊನೆಯ ಎರಡನ್ನು ಅಕ್ಕಪಕ್ಕ ಕೂರಿಸಿದವರಿಗೆ ದೂರದೃಷ್ಟಿ ಇತ್ತು.

ಗ್ರಂಥಾಲಯದ ಈ ಆರು ರೂಪಾಯಿ ದಾನವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹೆಸರಲ್ಲಿ ವಸೂಲಿ ಮಾಡಿದ ದುಡ್ಡು. ಪುರಸಭೆ ಅದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು, ತನ್ನ ಬೀದಿದೀಪದ ಬಿಲ್ಲಿಗಲ್ಲ. ಬಾಕಿ ಕೇಳಿದರೆ ಪತ್ರ, ಪತ್ರಕ್ಕೆ ಜ್ಞಾಪನ, ಜ್ಞಾಪನಕ್ಕೆ ಇನ್ನೊಂದು ಪತ್ರ. ಸಾಕಾಗಿದೆ. ಮೇ ತಿಂಗಳಲ್ಲಿ ಒಬ್ಬ ಮನುಷ್ಯ ಏಣಿ ಹತ್ತಿ ಪೈಪಿನ ಬಾಯಿಂದ ಒಂದು ಹಿಡಿ ಎಲೆ ತೆಗೆದಿದ್ದರೆ ಅರ್ಧ ನೀರಾದರೂ ಹೊರಗೆ ಹೋಗುತ್ತಿತ್ತು.