‘ಲೋಕಲ್ ತಾನೇ, ಬಿಡ್ರಿ’

‘ಗೊತ್ತಿದ್ದೂ ಸುಮ್ನಿದ್ರಾ?’

ಬೆಳಗ್ಗೆ ಹನ್ನೊಂದೂವರೆಯಿಂದ ಇದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಮಧ್ಯಾಹ್ನ ಡಬ್ಬಿ ಬಿಚ್ಚಿದೆ, ಎರಡು ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಇವತ್ತು ನಿದ್ದೆ ಬರಲ್ಲ.

ಆಫೀಸಿನ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇವತ್ತು ಸೆಕ್ಯುರಿಟಿ ಆಡಿಟ್‌ಗೆ ಬಂದಿದ್ದ ಹುಡುಗನ ಮೇಲೆ ಸಿಟ್ಟಿಲ್ಲ. ಅವನ ಕೆಲಸ ಅವನು ಮಾಡಿದ. ಬಿಲ್ಲಿಂಗ್ ಸರ್ವರ್‌ನಲ್ಲಿ ಅವನಿಗೆ ಮಾಮೂಲಿ ಯೂಸರ್ ಕೊಟ್ಟಿದ್ದೆವು. ಲಾಗಿನ್ ಆದ. ಒಂದು ಚಿಕ್ಕ ಫೈಲ್ ಹಾಕಿದ, ಎಂಟರ್ ಒತ್ತಿದ. ಪರದೆಯ ಮೇಲೆ ಡಾಲರ್ ಚಿಹ್ನೆ ಇದ್ದ ಜಾಗದಲ್ಲಿ ಹ್ಯಾಶ್ (#) ಬಂತು. ಅಷ್ಟೇ. ಅವನು ರೂಟ್ ಆಗಿದ್ದ, ಅಂದರೆ ಇಡೀ ಸರ್ವರ್‌ಗೆ ಯಜಮಾನ. ಒಂದು ಪಾಸ್‌ವರ್ಡ್ ಕೇಳಲಿಲ್ಲ.

ರೂಮಿನಲ್ಲಿ ಹದಿನಾಲ್ಕು ಜನ. ಯಾರೂ ಉಸಿರೆತ್ತಲಿಲ್ಲ. ಆಗ ನಮ್ಮ ಮ್ಯಾನೇಜರ್ ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. ‘ಏನ್ರೀ, ಇದು ನಿಮಗೆ ಗೊತ್ತಿರ್ಲಿಲ್ವಾ?’

‘ಗೊತ್ತಿತ್ತು ಸರ್’ ಅಂದೆ. ನಿಜವನ್ನೇ ಹೇಳಿದೆ. ಮುಂದಿನ ವಾಕ್ಯ ನಾಲಿಗೆ ತುದಿಯಲ್ಲೇ ಇತ್ತು: ನಿಮಗೇ ಮೇಲ್ ಮಾಡಿದ್ದೆ ಸರ್, ನೀವೇ ಬೇಡ ಅಂದ್ರಿ. ಅದನ್ನು ಹೇಳುವಷ್ಟರಲ್ಲಿ ಅವರು ಎಲ್ಲರಿಗೂ ಕೇಳುವ ಹಾಗೆ ಕೇಳಿದರು, ‘ಗೊತ್ತಿದ್ದೂ ಸುಮ್ನಿದ್ರಾ?’ ಹದಿಮೂರು ತಲೆ ನನ್ನ ಕಡೆ ತಿರುಗಿದವು. ಹೋದ ತಿಂಗಳು ಸೇರಿದ ಟ್ರೈನಿ ಹುಡುಗಿ ಪಾಪ, ಮುಖ ತಗ್ಗಿಸಿಕೊಂಡಳು. ನನಗೆ ಬಾಯಿ ಕಟ್ಟಿಹೋಯಿತು. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತೆ. ಅವರು ‘ನೆಕ್ಸ್ಟ್’ ಅಂದರು.

ಸುಮ್ನಿರಲಿಲ್ಲ ನಾನು!

2022ರ ಜನವರಿ 25ಕ್ಕೆ ಕ್ವಾಲಿಸ್ ಅನ್ನೋ ಸೆಕ್ಯುರಿಟಿ ಕಂಪನಿಯವರು ಈ ತೂತಿನ ವಿಷಯ ಹೊರಗಿಟ್ಟರು, ಪೋನ್‌ಕಿಟ್ ಅಂತ ಅದರ ಹೆಸರು. ಅದರ ಅಧಿಕೃತ ನಂಬರ್ ಸಿವಿಇ-2021-4034. ಕೆಲವೇ ಗಂಟೆಗಳಲ್ಲಿ ಅದನ್ನು ಬಳಸುವ ಕೋಡ್ ಎಲ್ಲರ ಕೈಗೆ ಬಂದಿತ್ತು. ಮಾರನೇ ದಿನ ಗಣರಾಜ್ಯೋತ್ಸವ, ರಜೆ. ಮನೆಯವರೆಲ್ಲ ಊರಿಗೆ ಹೊರಟರು, ನಾನು ಲ್ಯಾಪ್‌ಟಾಪ್ ಮುಂದೆ ಕೂತೆ. ಉಬುಂಟು, ಡೆಬಿಯನ್ ಲಿನಕ್ಸ್ ಇರುವ ಸರ್ವರ್‌ಗಳನ್ನೆಲ್ಲ ಸಂಜೆಯೊಳಗೆ ಅಪ್‌ಡೇಟ್ ಮಾಡಿ ಮುಗಿಸಿದೆ. ಉಳಿದದ್ದು ಒಂದೇ, ಈ ಬಿಲ್ಲಿಂಗ್ ಸರ್ವರ್. ಅದರಲ್ಲಿರುವುದು ಸೆಂಟ್‌ಓಎಸ್ 6 ಅನ್ನೋ ಹಳೇ ಲಿನಕ್ಸ್. ಅದಕ್ಕೆ 2020ರ ನವೆಂಬರ್ 30ಕ್ಕೇ ಸಪೋರ್ಟ್ ನಿಂತಿತ್ತು. ಪ್ಯಾಚ್ ಬರುವ ಮಾತೇ ಇಲ್ಲ.

ಆದರೂ ದಾರಿ ಇತ್ತು. ಲಿನಕ್ಸ್‌ನಲ್ಲಿ ಯಾರಿಗೆ ಯಾವ ಅನುಮತಿ ಅಂತ ನೋಡುವ ಪೋಲ್‌ಕಿಟ್ ಜೊತೆ ಬರುವ ಪಿಕೆಎಕ್ಸೆಕ್ ಅನ್ನೋ ಪ್ರೋಗ್ರಾಂ ಇದೆಯಲ್ಲ, ತೊಂದರೆ ಇರುವುದು ಅದರಲ್ಲಿ. ಅದರ ಪರ್ಮಿಶನ್ ನೋಡಿದರೆ ಆರ್ (ಓದು), ಡಬ್ಲ್ಯೂ (ಬರೆ), ಆಮೇಲೆ ಎಕ್ಸ್ (ಓಡಿಸು) ಇರಬೇಕಾದ ಕಡೆ ಎಸ್ ಇರುತ್ತದೆ. ಆ ಒಂದು ಎಸ್ ಇರುವುದರಿಂದಲೇ ಯಾರು ಓಡಿಸಿದರೂ ಅದು ರೂಟ್ ಆಗಿ ಓಡುತ್ತದೆ. ಪರ್ಮಿಶನ್ ಬದಲಿಸುವ ಚ್‌ಮಾಡ್ (chmod) 0755 ಅಂತ ಒಂದು ಸಾಲು ಹೊಡೆದರೆ ಎಸ್ ಹೋಗುತ್ತದೆ. ರೀಬೂಟ್ ಬೇಡ, ಬಿಲ್ಲಿಂಗ್ ನಿಲ್ಲಲ್ಲ. ನಮ್ಮ ಆ ಸರ್ವರ್‌ನಲ್ಲಿ ಪಿಕೆಎಕ್ಸೆಕ್ ಅನ್ನು ಯಾರೂ ಬಳಸುವುದೂ ಇಲ್ಲ. ಒಂದು ಸಾಲು ಸ್ವಾಮಿ, ಒಂದೇ ಸಾಲು! ಚೇಂಜ್ ರಿಕ್ವೆಸ್ಟ್ ಹಾಕಿದೆ. ವಾಪಸ್ ಬಂತು. ಹೋಗಿ ಕೇಳಿದ್ದಕ್ಕೆ ಮ್ಯಾನೇಜರ್ ಅಂದದ್ದು ಇಷ್ಟೇ: ‘ಲೋಕಲ್ ತಾನೇ, ಬಿಡ್ರಿ. ಹೊರಗಿಂದ ಬರೋಕಾಗಲ್ವಲ್ಲ. ವೆಂಡರ್ ಸರ್ವರ್ ಅದು, ಮುಟ್ಟಬೇಡಿ.’

ಈ ‘ಲೋಕಲ್’ ಅನ್ನೋ ಪದವೇ ಎಲ್ಲ ಹಾಳು ಮಾಡಿದ್ದು. ನಮ್ಮ ಬಾಯಲ್ಲಿ ಲೋಕಲ್ ಅಂದರೆ ಲೋಕಲ್ ಮಾಲು, ಲೆಕ್ಕಕ್ಕಿಲ್ಲದ್ದು. ಇಲ್ಲಿ ಅರ್ಥ ಅದಲ್ಲ. ಹೇಗೋ ಹಾಲ್‌ವರೆಗೆ ಬಂದವನ ಕೈಗೆ ಬೀರುವಿನ ಬೀಗದ ಕೈ ಸಿಗುತ್ತದೆ ಅಂತ ಅರ್ಥ. ವೆಬ್‌ಸೈಟಿನಲ್ಲಿ ಒಂದು ತೂತು ಸಿಕ್ಕರೆ ಸಾಕು, ಯಾರದೋ ಪಾಸ್‌ವರ್ಡ್ ಸೋರಿದರೆ ಸಾಕು, ಒಳಗೆ ಬಂದಂತೆಯೇ. ಅಲ್ಲಿಂದ ಆಚೆಗೆ ಪಿಕೆಎಕ್ಸೆಕ್ ನೋಡಿಕೊಳ್ಳುತ್ತದೆ.

ತಪ್ಪು ಎಷ್ಟು ಚಿಕ್ಕದು ಅಂತ ಕೇಳಿ. ಪ್ರೋಗ್ರಾಂ ಶುರು ಮಾಡುವಾಗ ಅದಕ್ಕೊಂದು ಪಟ್ಟಿ ಕೊಡುತ್ತೇವೆ. ಪಟ್ಟಿಯ ಸೊನ್ನೆಯ ಜಾಗದಲ್ಲಿ ಅದರದೇ ಹೆಸರು. ಹಾಗಾಗಿ ಪಿಕೆಎಕ್ಸೆಕ್ ಒಂದರಿಂದ ಎಣಿಸುತ್ತದೆ. ಪಟ್ಟಿ ಪೂರ್ತಿ ಖಾಲಿ ಇದ್ದರೆ? ಅದನ್ನು ನೋಡುವುದೇ ಇಲ್ಲ. ಒಂದನೇ ಜಾಗ ಅಂತ ಪಕ್ಕದಲ್ಲಿರುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಗೆ (ಪ್ರೋಗ್ರಾಂಗೆ ಹೊರಗಿಂದ ಸಿಗುವ ಸೆಟ್ಟಿಂಗ್‌ಗಳು) ಕೈ ಹಾಕುತ್ತದೆ, ಓದುತ್ತದೆ, ಅಲ್ಲೇ ಬರೆಯುತ್ತದೆ ಕೂಡ. ಅಪಾಯ ಅಂತ ಮೊದಲೇ ತೆಗೆದುಹಾಕಿದ್ದ ವೇರಿಯಬಲ್ ಹೀಗೆ ವಾಪಸ್ ಬರುತ್ತದೆ. ಆಮೇಲೆ ಒಂದು ಎರರ್ ಮೆಸೇಜ್ ತೋರಿಸಲು ಹೋಗಿ, ಕಳ್ಳ ಇಟ್ಟ ಲೈಬ್ರರಿಯನ್ನೇ ರೂಟ್ ಆಗಿ ಲೋಡ್ ಮಾಡುತ್ತದೆ. 2009ರ ಮೇ ತಿಂಗಳಲ್ಲಿ ಬಂದ ಮೊದಲ ಆವೃತ್ತಿಯಿಂದಲೂ ಇದು ಇತ್ತು. ಹನ್ನೆರಡು ವರ್ಷಕ್ಕೂ ಜಾಸ್ತಿ! 2013ರಲ್ಲೇ ರಯಾನ್ ಮ್ಯಾಲನ್ ಅನ್ನುವವರು ಈ ಖಾಲಿ ಪಟ್ಟಿಯ ವಿಷಯ ಬರೆದಿದ್ದರು. ಆಗ ಸರಿ ಮಾಡಲಿಲ್ಲ. ಇವತ್ತು ಅವರ ನೆನಪು ತುಂಬಾ ಆಗುತ್ತಿದೆ.

ಬಿಡಿ, ನನ್ನದೂ ತಪ್ಪಿದೆ. ರೂಟ್ ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತು. ಯಾರಿಗೂ ಹೇಳದೆ ಆ ಸಾಲು ಹೊಡೆದಿದ್ದರೆ ಮುಗಿದಿತ್ತು. ಆದರೆ ಹೊಡೆದ ಮೇಲೆ ಬಿಲ್ಲಿಂಗ್ ಯಾವ ಕಾರಣಕ್ಕೆ ನಿಂತರೂ ‘ಯಾರನ್ನ ಕೇಳಿ ಮಾಡಿದ್ರಿ’ ಅಂತ ಇದೇ ರೂಮಿನಲ್ಲಿ, ಇದೇ ಕುರ್ಚಿ ತಿರುಗುತ್ತಿತ್ತು. ಇಲ್ಲ, ತಪ್ಪು ನನ್ನದಲ್ಲ. ಕೇಳಿದೆ, ಬೇಡ ಅಂದರು, ಬಿಟ್ಟೆ. ಇದರಲ್ಲಿ ನಾನು ಏನು ಮಾಡಬೇಕಿತ್ತು? ಸರ್ವರ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇನ್ನೊಂದು ಮಾತು ಯಾರೂ ಕೇಳಲೇ ಇಲ್ಲ. ಆ ಹುಡುಗನಿಗಿಂತ ಮುಂಚೆ ಎಷ್ಟು ಜನ ಇದೇ ದಾರಿಯಲ್ಲಿ ಬಂದು ಹೋಗಿದ್ದಾರೆ? ಲಾಗ್‌ನಲ್ಲಿ ಒಂದು ಗುರುತೂ ಬೀಳದಂತೆ ಇದನ್ನು ಮಾಡಬಹುದು ಅಂತ ಕ್ವಾಲಿಸ್‌ನವರೇ ಹೇಳಿದ್ದರು. ಜನರ ಹೆಸರು, ಫೋನ್ ನಂಬರ್, ವಿಳಾಸ ಎಲ್ಲ ಇದೆ ಆ ಸರ್ವರ್‌ನಲ್ಲಿ. ನನಗೆ ಬೈದದ್ದಕ್ಕಿಂತ ಇದು ಜಾಸ್ತಿ ಸುಡುತ್ತಿದೆ.

ಮಧ್ಯಾಹ್ನ ಮತ್ತೆ ಹೋಗಿ ಕೇಳಿದೆ, ಈಗಲಾದರೂ ಎಸ್ ತೆಗೆಯಲಾ ಸರ್ ಅಂತ. ಹೊಸ ರಿಕ್ವೆಸ್ಟ್ ಹಾಕಿ ಅಂದರು. ಹಳೆಯದನ್ನೇ ಕಾಪಿ ಮಾಡಿ, ತಾರೀಖು ಬದಲಿಸಿ ಹಾಕಿದ್ದೇನೆ. ಗುರುವಾರದ ಮೀಟಿಂಗ್‌ನಲ್ಲಿ ನೋಡುತ್ತಾರಂತೆ.